ಸಾಕ್ಷರ ಕಸ

ಕಾಲಿಗೆ ಕಾಗದ ತಗುಲಿದರೆ ಅದನ್ನೆತ್ತಿ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸವೊಂದು ನನಗಿದೆ. ಇದನ್ನು ಒಪ್ಪಿಕೊಳ್ಳುವಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ. ಯಾಕೆಂದರೆ ನಾನು ಗುಡಿಯ ಮುಂದೆ ಹಾದುಹೋಗುವಾಗ ಕೈ ಮುಗಿಯುವವನಲ್ಲ, ಪಂಚಾಂಗ ನೋಡಿ ಕ್ಷೌರ ಮಾಡಿಸಿಕೊಳ್ಳುವವನಲ್ಲ. ದೇವರಿದ್ದಾನೆ ಎನ್ನುವವರನ್ನು ಪ್ರಮಾಣ ಕೇಳಿ, ಇಲ್ಲ ಎನ್ನುವವರನ್ನೂ ಪ್ರಮಾಣ ಕೇಳಿ, ಎರಡು ಪಕ್ಷದವರಿಂದಲೂ ನಿಷ್ಪಕ್ಷಪಾತವಾಗಿ ಬೈಸಿಕೊಂಡು ಬೆಳೆದ ಸಂಶಯವಾದಿ. ಇಂಥ ನಾನು ಮೊನ್ನೆ ಕಂಟೋನ್ಮೆಂಟಿನ ರಸ್ತೆಯಲ್ಲಿ ಗಾಳಿಗೆ ಹಾರಿಬಂದು ಚಪ್ಪಲಿಗೆ ತಗುಲಿದ ಹಲ್ಲುಪುಡಿಯ ಜಾಹೀರಾತೊಂದನ್ನು ಬಗ್ಗಿ ಎತ್ತಿ, ಎರಡೂ ಕಣ್ಣಿಗೆ ಭಕ್ತಿಯಿಂದ ಮುಟ್ಟಿಸಿ, ಆಮೇಲೆ ಅದನ್ನು ಎಲ್ಲಿಡಬೇಕೆಂದು ತೋಚದೆ ನಡುರಸ್ತೆಯಲ್ಲಿ ನಿಂತುಬಿಟ್ಟೆ. ನೀವೂ ಹಾಗೆ ಮಾಡುವವರೇ ಎಂದು ನನಗೆ ಗೊತ್ತು, ನಾಚಬೇಡಿ. ನಮ್ಮ ನಾಡಿನಲ್ಲಿ ನಾಸ್ತಿಕ್ಯವೆಂಬುದು ತಲೆಯಿಂದ ಮೊಣಕಾಲಿನವರೆಗೆ ಇಳಿಯಬಹುದು. ಪಾದದವರೆಗೆ ಇಳಿದದ್ದನ್ನು ನಾನಂತೂ ಕಂಡಿಲ್ಲ.

ಈ ರೋಗ ನನಗೆ ಅಂಟಿದ್ದು ಸಿರುಗುಪ್ಪದಲ್ಲಿ. ಅಲ್ಲಿ ನಮ್ಮ ತಂದೆ ತಾಲ್ಲೂಕು ಕಚೇರಿಯ ಗುಮಾಸ್ತರು. ನಮ್ಮ ಅಜ್ಜಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಆದರೆ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಚೂರನ್ನು ಕೂಡ ಆಕೆ ಒಲೆಗೆ ಹಾಕಿದವಳಲ್ಲ. ಕೊಡವಿ, ಮಡಿಚಿ, 'ಸರಸ್ವತಿ' ಎಂದು ಅಡುಗೆಮನೆಯ ಗೋಡೆಯ ಮಾಡದಲ್ಲಿ ಒಟ್ಟಿಡುತ್ತಿದ್ದಳು. ಬೆಲ್ಲದ ವಾಸನೆಗೆ ಇರುವೆಗಳು ಸಾಲುಗಟ್ಟಿ ಬಂದು ಆ ಸರಸ್ವತಿಯ ಸೇವೆ ಮಾಡಿಕೊಂಡು ಹೋಗುತ್ತಿದ್ದವು. ಮುಂದೆ ಹೈಸ್ಕೂಲಿಗೆಂದು ಬಳ್ಳಾರಿಯ ಸೋದರಮಾವನ ಮನೆಗೆ ಬಂದಾಗ ಟ್ರಂಕಿನ ಜೊತೆಗೆ ಈ ಸಂಸ್ಕಾರವನ್ನೂ ಹೊತ್ತು ತಂದೆ. ಟ್ರಂಕು ತುಕ್ಕು ಹಿಡಿಯಿತು. ಸಂಸ್ಕಾರಕ್ಕೆ ಮಾತ್ರ ಏನೂ ಆಗಲಿಲ್ಲ.

ಗುಡ್ಡದ ಬುಡದಲ್ಲಿದ್ದ ನಮ್ಮ ಶಾಲೆಗೆ ಕಲ್ಲಿನ ಕಟ್ಟಡವಿತ್ತು, ಬೇವಿನ ಮರಗಳಿದ್ದವು, ವಿಶಾಲವಾದ ಅಂಗಳವಿತ್ತು. ಆ ಅಂಗಳದ ತುಂಬ ಕಸವಿತ್ತು. ಸೂಕ್ಷ್ಮವಾಗಿ ವಿಭಾಗಿಸಿ ನೋಡಿದರೆ ಅದು ಎರಡು ಬಗೆಯದು. ಗೇಟಿನ ಹೊರಗೆ ಮಾರುತ್ತಿದ್ದ ಹುರಿದ ಶೇಂಗಾದ ಸಿಪ್ಪೆ, ಅಗಿದು ಉಗಿದ ಕಬ್ಬಿನ ಜಿಬ್ಬು, ಹುಣಸೆ ಬೀಜ, ಬೇವಿನ ಎಲೆ ಇವೆಲ್ಲ ನಿರಕ್ಷರ ಕಸ. ಅದೇ ಶೇಂಗಾ ಕಟ್ಟಿಕೊಟ್ಟ ಪೊಟ್ಟಣದ ಕಾಗದ, ಹರಿದ ನೋಟುಬುಕ್ಕಿನ ಹಾಳೆ, ನಪಾಸಾದವರು ಚೂರುಚೂರು ಮಾಡಿದ ಉತ್ತರಪತ್ರಿಕೆ ಇವು ಸಾಕ್ಷರ ಕಸ. ಇವೆರಡನ್ನೂ ಭೇದವೆಣಿಸದೆ ದಿನವೂ ಗುಡಿಸಿ ತಿಪ್ಪೆಗೆ ಸೇರಿಸುತ್ತಿದ್ದವಳು ಹುಲಿಗೆಮ್ಮ ಎಂಬ ಹೆಂಗಸು. ಕುರುಗೋಡಿನಿಂದ ಬಂದು ಊರ ಹೊರಗಿನ ಓಣಿಯಲ್ಲಿದ್ದ ಒಂಟಿ ಜೀವ. ನಾವು ಬರುವ ಮೊದಲೇ ಗುಡಿಸಿ ಮುಗಿಸಿರುತ್ತಿದ್ದಳಾದ್ದರಿಂದ ಅಂಗಳ ತಾನಾಗಿಯೇ ಬೆಳಗಾಗುವಷ್ಟರಲ್ಲಿ ಶುದ್ಧವಾಗುತ್ತದೆಂಬ ಒಂದು ಅಸ್ಪಷ್ಟ ನಂಬಿಕೆ ನಮ್ಮೆಲ್ಲರಲ್ಲಿತ್ತು. ದೇವರನ್ನು ನಂಬದ ನಾನೂ ಈ ಪವಾಡವನ್ನು ಎರಡು ವರ್ಷ ಪ್ರಶ್ನಿಸದೆ ನಂಬಿದ್ದೆ.

ಸ್ವಾತಂತ್ರ್ಯ ಬಂದ ಹೊಸತು. ಎಲ್ಲರಿಗೂ ಏನಾದರೊಂದು ಸೇವೆ ಮಾಡುವ ಉಮೇದು, ಆದರೆ ಯಾವುದನ್ನೆಂದು ಗೊತ್ತಿಲ್ಲ. ಇಂಥ ಸಮಯದಲ್ಲಿ ನಮ್ಮ ಚರ್ಚಾಕೂಟ ಒಂದು ವಿಷಯವನ್ನು ಗೊತ್ತುಮಾಡಿತು: ಶಾಲೆಯ ಕಸವನ್ನು ವಿದ್ಯಾರ್ಥಿಗಳೇ ತೆಗೆಯಬೇಕು. ನಮ್ಮ ಕೂಟದ ಪದ್ಧತಿಯಂತೆ ಕನ್ನಡ ಪಂಡಿತರು ಚೀಟಿ ಎತ್ತಿಸುವರು. ಚೀಟಿಯಲ್ಲಿ ಬಂದ ಪಕ್ಷವೇ ನಮ್ಮ ಸಿದ್ಧಾಂತ. ಹೋದ ತಿಂಗಳು ಯಂತ್ರ ನಾಗರಿಕತೆಯನ್ನು ಖಂಡಿಸಿದವನು ಈ ತಿಂಗಳು ಅದನ್ನು ಮಂಡಿಸಬಹುದು. ಆತ್ಮಸಾಕ್ಷಿಯನ್ನು ಅಂದು ಮನೆಯಲ್ಲೇ ಬಿಟ್ಟುಬರಬೇಕಷ್ಟೆ. ನನಗೆ ಬಂದದ್ದು ಪರ. ನನ್ನ ಗೆಳೆಯ ಪಂಪಣ್ಣನಿಗೆ ವಿರೋಧ.

ಪಂಪಣ್ಣ ಮಾತಿನಲ್ಲಿ ಮಂದ, ಮನಸ್ಸಿನಲ್ಲಿ ಒಳ್ಳೆಯವನು. ಚರ್ಚೆಯಲ್ಲಿ ಇವೆರಡೂ ದೋಷಗಳೇ. ಆತ ಎದ್ದು ನಿಂತು ತಡವರಿಸುತ್ತ ಒಂದೇ ಒಂದು ಪ್ರಶ್ನೆ ಕೇಳಿದ: "ನಾವ ಕಸಾ ಹೊಡದ್ರ ಹುಲಿಗೆಮ್ಮ ಏನು ತಿನ್ನಬೇಕು?" ಇದೊಂದೇ ಆ ದಿನ ಆ ಸಭೆಯಲ್ಲಿ ಹುಟ್ಟಿದ ನಿಜವಾದ ಮಾತು. ನಾನು ಅದನ್ನು ಹುಟ್ಟಿದಲ್ಲೇ ಕೊಂದೆ. "ದೀಪ ಹಚ್ಚಿದರೆ ಕತ್ತಲೆಯ ಗತಿಯೇನೆಂದು ನನ್ನ ಪ್ರತಿಪಕ್ಷದ ಮಿತ್ರರು ಕಣ್ಣೀರಿಡುತ್ತಿದ್ದಾರೆ!" ಎಂದೆ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗುವಿನ ಬಿಸಿ ಆರುವ ಮೊದಲೇ, ಇಂದು ಕಸಬರಿಗೆ ಹಿಡಿದ ಕೈ ನಾಳೆ ರಾಷ್ಟ್ರರಥದ ಲಗಾಮು ಹಿಡಿಯುತ್ತದೆ ಎಂದು ಧ್ವನಿಯನ್ನು ಏರಿಸಿ, ಹೊರಗಿನ ಅಂಗಳವನ್ನು ತೊಳೆಯದವನು ಒಳಗಿನ ಅಂತರಂಗವನ್ನು ತೊಳೆಯಲಾರ ಎಂದು ಇಳಿಸಿ, ಗಂಟೆ ಬಾರಿಸುವುದಕ್ಕೂ ನಾನು ಕೂರುವುದಕ್ಕೂ ಸರಿಹೋಗುವಂತೆ ಮುಗಿಸಿದೆ. ಬಹುಮಾನ ಬಂತು. ಅದರಿಂದ ಅಪಾಯವಿರಲಿಲ್ಲ. ಅಪಾಯ ಬಂದದ್ದು ಹೆಡ್ ಮಾಸ್ತರರ ಕಣ್ಣಲ್ಲಿ ನೀರು ಬಂದದ್ದರಿಂದ. ಅನಂತಪುರದ ಕಡೆಯ ಆ ತೆಲುಗು ಮನುಷ್ಯರು ಖಾದಿ ತೊಟ್ಟವರು, ಹೇಳಿದ್ದನ್ನು ಮಾಡುವವರು. ಅಷ್ಟೇ ಅಲ್ಲ, ಬೇರೆಯವರು ಹೇಳಿದ್ದನ್ನೂ ಮಾಡಿಬಿಡುವವರು. ಸೋಮವಾರದಿಂದ ಅಂಗಳ ಗುಡಿಸುವ ಕೆಲಸ ವಿದ್ಯಾರ್ಥಿಗಳದು ಎಂದು ಸಾರಿದರು. ನಾನು ಮಾತಾಡಿದವನಾದ್ದರಿಂದ ನನ್ನನ್ನು ಮೇಲ್ವಿಚಾರಕನನ್ನಾಗಿ ಮಾಡಿದರು. ವಾಗ್ಮಿತೆಯಿಂದ ಕೆಲಸ ತಪ್ಪುತ್ತದೆಂಬ ನನ್ನ ಬಹುಕಾಲದ ಊಹೆಗೆ ಅಂದು ಮೊದಲ ಪ್ರಮಾಣ ದೊರೆಯಿತು.

ಸೋಮವಾರ ಮೊದಲ ವಿಘ್ನ ಲಕ್ಷ್ಮಿಯಿಂದ ಬಂತು. ಪ್ರತಿಯೊಬ್ಬನೂ ಮನೆಯಿಂದ ಕಸಬರಿಗೆ ತರಬೇಕೆಂದು ಆಜ್ಞೆಯಾಗಿತ್ತು. ಮನೆಯ ಕಸಬರಿಗೆ ಲಕ್ಷ್ಮಿ, ಅದನ್ನು ಹೊಸ್ತಿಲು ದಾಟಿಸುವುದಿಲ್ಲವೆಂದು ಊರಿನ ತಾಯಂದಿರು ಒಕ್ಕೊರಲಿನಿಂದ ಹೇಳಿದರು. ನಮ್ಮ ಅತ್ತೆಯಂತೂ, "ಕಸಬರಿಗಿ ಒಯ್ದಿ ಅಂದ್ರ ಸಂಜಿಗೆ ಬಾವಿಕಟ್ಟಿಮ್ಯಾಲ ಜಳಕಾ ಮಾಡೇ ಒಳಗ ಬರಬೇಕು ನೋಡು!" ಎಂದರು. ಹೀಗೆ ಲಕ್ಷ್ಮೀಪುತ್ರರಾಗದೆ ಬರಿಗೈಯಲ್ಲಿ ಬಂದ ನಮಗೆ ಶಾಲೆಯವರೇ ಹತ್ತಾರು ಕಸಬರಿಗೆ ಕೊಂಡುಕೊಟ್ಟರು.

ಎರಡನೆಯ ವಿಘ್ನ ಸರಸ್ವತಿಯದು. ಸಿಪ್ಪೆ, ಎಲೆ, ಜಿಬ್ಬನ್ನು ಹುಡುಗರು ರಣೋತ್ಸಾಹದಿಂದ ಗುಡಿಸಿದರು. ಕಾಗದ ಅಡ್ಡ ಬಂದೊಡನೆ ನಿಂತರು. ಅಕ್ಷರದ ಮೇಲೆ ಕಸಬರಿಗೆ ಆಡಿಸುವುದೇ? ಅದೂ ಪರೀಕ್ಷೆ ಹತ್ತಿರ ಬಂದಾಗ? ಪುರಾಣದ ಸಂಬಂಧ ಹಿಡಿದು ಲೆಕ್ಕ ಹಾಕಿದರೆ ಲಕ್ಷ್ಮಿ ಅತ್ತೆ, ಸರಸ್ವತಿ ಸೊಸೆ. ಅತ್ತೆಯಿಂದ ಸೊಸೆಯನ್ನು ಹೊಡೆಸಿದ ಪಾಪ ಯಾರಿಗೆ ಬೇಕು? ಆದ್ದರಿಂದ ಒಂದೊಂದು ಚೂರನ್ನೂ ಕೈಯಿಂದ ಎತ್ತುವುದು, ಕಣ್ಣಿಗೊತ್ತಿಕೊಳ್ಳುವುದು, ಅಲ್ಲಿಗೂ ಬಿಡದೆ ಓದುವುದು. ಓದು ಬಂದವನು ಕಸ ತೆಗೆಯಲಾರನೆಂಬುದನ್ನು ನಾನು ಕಣ್ಣಾರೆ ಕಂಡೆ. ಒಬ್ಬನಿಗೆ ಕೋರ್ಟಿನ ನೋಟೀಸಿನ ಅರ್ಧಭಾಗ ಸಿಕ್ಕಿತು, ಉಳಿದರ್ಧಕ್ಕಾಗಿ ಇಡೀ ಫಾರಂ, ಅಂದರೆ ಆಗಿನ ಮಾತಿನಲ್ಲಿ ತರಗತಿ, ಹುಡುಕಾಟ ನಡೆಸಿತು. ಇನ್ನೊಬ್ಬನಿಗೆ ಯಾರೋ ಗಂಡ ಹೆಂಡತಿಗೆ ಬರೆದ ಕಾಗದದ ತುಣುಕು ಸಿಕ್ಕಿತು, ಅಂದು ಗಂಟೆ ಬಾರಿಸಿದ್ದೇ ಯಾರಿಗೂ ಕೇಳಿಸಲಿಲ್ಲ. ಎತ್ತಿದ್ದನ್ನು ಹಾಕುವುದೆಲ್ಲಿ? ಸುಡುವಂತಿಲ್ಲ, ತಿಪ್ಪೆಗೆ ಎಸೆಯುವಂತಿಲ್ಲ. ಬೀರುವಿನ ಮೇಲೆ, ಕಿಟಕಿಯ ಅಂಚಿನಲ್ಲಿ, ಮದರಾಸು ಪ್ರಾಂತದ ಭೂಪಟದ ಹಿಂದೆ ಸರಸ್ವತಿ ರಾಶಿರಾಶಿಯಾಗಿ ಬೆಳೆದಳು. ಅಷ್ಟರಲ್ಲಿ ಬಳ್ಳಾರಿಯ ಬೇಸಗೆಯ ಗಾಳಿ ಎದ್ದಿತು. ಆ ಗಾಳಿಗೆ ಯಾವ ಸಂಸ್ಕಾರವೂ ಇಲ್ಲ. ಒಂದು ಮಧ್ಯಾಹ್ನ ಕಿಟಕಿಯಿಂದ ನುಗ್ಗಿ ಎರಡು ವಾರದ ಸಂಗ್ರಹವನ್ನು ಒಂದೇ ಉಸಿರಿಗೆ ಅಂಗಳಕ್ಕೆ ಹಿಂದಿರುಗಿಸಿತು. ಶಾಲೆ ನಮ್ಮ ಸೇವೆಗೆ ಮುಂಚೆ ಎಂದೂ ಅಷ್ಟು ಕೊಳಕಾಗಿರಲಿಲ್ಲ.

ಆ ಸಂಜೆ ಬೇವಿನ ಮರದ ಕೆಳಗೆ ಹುಲಿಗೆಮ್ಮ ನನ್ನನ್ನು ತಡೆದಳು.

"ಅವತ್ತು ಮ್ಯಾಲ ನಿಂತು ಕಸಬರಿಗಿ ಬಗ್ಗೆ ಮಾತಾಡಿದಾಂವ ನೀನ ಅಲ್ಲೇನು ತಮ್ಮಾ?"

ಹೌದೆಂದೆ, ಸ್ವಲ್ಪ ಹೆಮ್ಮೆಯಿಂದಲೇ ಅಂದಿರಬೇಕು.

"ಭಾಳ ಚಲೋ ಮಾತಾಡಿದಿ. ಬಾಗಿಲ ಹೊರಗ ನಿಂತು ಕೇಳಿದೆ. ನನಗೂ ಕಣ್ಣಾಗ ನೀರು ಬಂದ್ವು. ಯಾಕ ಬಂದ್ವು ಅನ್ನಾದು ಮರುದಿನ ಗೊತ್ತಾತು. ಈ ತಿಂಗಳು ತೀರಿದ ಮ್ಯಾಲ ಬರಬ್ಯಾಡ ಅಂದಾರ ಹೆಡ್ ಮಾಸ್ತರ ಸಾಮೇರು."

ಆಕೆ ಮುಂದುವರಿಸಿದಳು: "ನೀವು ಎರಡೂ ಕಡಿ ಮಾತಾಡಾಕ ಕಲ್ತೀರಂತಲ್ಲ. ಈಗ ನನ್ನ ಕಡಿ ಒಂದು ಸಲ ಮಾತಾಡು. ಇದನ್ನ ಬಿಟ್ರ ನನಗ ಬ್ಯಾರೆ ಅನ್ನ ಇಲ್ಲಪಾ."

ನಾನು ಮಾತು ಕೊಡುವ ಮೊದಲು, ವಾದಕ್ಕೆ ಸಾಮಗ್ರಿ ಬೇಕಲ್ಲ ಎಂದು, ಇಷ್ಟು ವರ್ಷ ಈ ಬರೆದ ಕಾಗದಗಳನ್ನು ಹೇಗೆ ಗುಡಿಸುತ್ತಿದ್ದೆ ಎಂದು ಕೇಳಿದೆ.

"ಹ್ಯಾಂಗ ಅಂದ್ರ? ಸಿಪ್ಪಿ ಹ್ಯಾಂಗ ಗುಡಸ್ತೀನೋ ಹಂಗ. ನನಗ ಅವು ಇರಿವಿ ಹರದಾಡಿದಂಗ ಕಾಣ್ತಾವ. ಸರಸ್ವತಿ ನಿಮಗ ಕಾಣ್ತಾಳ, ನಿಮಗ ಪಾಪ. ನನಗ ಆಕಿ ಒಂದು ದಿನಾನೂ ಮಾರಿ ತೋರಿಸಿಲ್ಲ, ನನಗ್ಯಾತರ ಪಾಪ?"

ಚರ್ಚಾಪಟುವಿನ ಚಟ ಸುಮ್ಮನಿರಗೊಡಲಿಲ್ಲ. ಓದು ಬಾರದ ನಮ್ಮ ಅಜ್ಜಿಯೂ ಕಾಗದವನ್ನು ಸರಸ್ವತಿ ಎನ್ನುತ್ತಾಳಲ್ಲ ಎಂದೆ.

"ನಿಮ್ಮ ಅಜ್ಜಿ ಮನ್ಯಾಗ ಆಕಿ ಬಂದು ಕುಂತಾಳ," ಎಂದಳು ಹುಲಿಗೆಮ್ಮ, ಸಿಟ್ಟಿಲ್ಲದೆ, ಊರಿನ ಸುದ್ದಿ ಹೇಳುವಂತೆ. "ನಮ್ಮ ಓಣಿಗೆ ಇನ್ನಾ ಬಂದಿಲ್ಲ."

ಅಂಥ ಖಂಡನವನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿರಲಿಲ್ಲ.

ಮರುದಿನ ಮೂರು ವಾದಗಳನ್ನು ಬಾಯಿಪಾಠ ಮಾಡಿಕೊಂಡು ಹೆಡ್ ಮಾಸ್ತರರ ಕೋಣೆಗೆ ಹೋದೆ. ವಿದ್ಯಾರ್ಥಿಯ ಧರ್ಮ ಅಧ್ಯಯನ ಎಂದೆ. ಅವರು ಮೇಜಿನ ಸೆಳೆಖಾನೆಯಿಂದ ಡೈರಿ ತೆಗೆದು, ನನ್ನದೇ ಭಾಷಣದಿಂದ ಬರೆದಿಟ್ಟುಕೊಂಡಿದ್ದ ವಾಕ್ಯವನ್ನು ಓದಿದರು: ಅಂಗಳವೇ ಮೊದಲ ಪಾಠಶಾಲೆ. ಕೆಲಸ ಬಲ್ಲವರಿಗೆ ಕೆಲಸ ಬಿಡಬೇಕು ಎಂದೆ. ಇನ್ನೊಂದು ಪುಟ ತಿರುವಿದರು: ಪರರ ಬೆವರಿನಲ್ಲಿ ತೊಳೆದ ಶಾಲೆ ಶುದ್ಧವಲ್ಲ. ಕೊನೆಗೆ, ಆಕೆ ಹೊಟ್ಟೆಗೇನು ತಿನ್ನಬೇಕು ಎಂದೆ. ಅವರು ಓದುವ ಮೊದಲೇ ದೀಪ ಕತ್ತಲೆಗಳ ಉಪಮೆ ನನಗೇ ನೆನಪಾಯಿತು. ನನಗಿಂತ ಸಮರ್ಥನಾದ ಎದುರಾಳಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ, ಆತ ನಾನೇ.

"ಏಮಯ್ಯಾ, ನೀನೇ ಹೇಳಿದ್ದು ಗದಾ?" ಎಂದರು ಹೆಡ್ ಮಾಸ್ತರರು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, ನಿಜವಾಗಿಯೂ ನೊಂದ ಧ್ವನಿಯಲ್ಲಿ. "ಹುಡುಗರಿಗೆ ಗುಡಿಸೋದಕ್ಕೆ ಬರೋದಿಲ್ಲ, ಅಷ್ಟೇ. ಹಿರಿಯರು ಮಾಡಿ ತೋರಿಸಬೇಕು. ನಡಿ."

ಬಿಡುವಿನ ವೇಳೆ, ನಮ್ಮ ಐದನೇ ಫಾರಂ ಸೇರಿ ಇಡೀ ಶಾಲೆ ಅಂಗಳದಲ್ಲಿತ್ತು. ಹೆಡ್ ಮಾಸ್ತರರು ಪಂಚೆ ಮೇಲೆತ್ತಿ ಕಟ್ಟಿ ಕಸಬರಿಗೆ ಹಿಡಿದರು. ಸಿಪ್ಪೆಯನ್ನು ಸೊಗಸಾಗಿಯೇ ಗುಡಿಸಿದರು. ನಾಲ್ಕನೆಯ ಎಳೆತಕ್ಕೆ ತೆಲುಗು ಅಕ್ಷರಾಭ್ಯಾಸದ ಪುಸ್ತಕ 'ಬಾಲಶಿಕ್ಷೆ'ಯ ಹರಿದ ಹಾಳೆಯೊಂದು ಎದುರಾಯಿತು. ಅದರ ನೆತ್ತಿಯ ಮೇಲೆ ದೊಡ್ಡದೊಂದು ಶ್ರೀಕಾರ. ಕಸಬರಿಗೆ ಗಾಳಿಯಲ್ಲಿ ನಿಂತಿತು, ಒಂದು ಸುತ್ತು ಹಾಕಿತು, ಹಾಳೆಯ ಪಕ್ಕದಿಂದ ಹೊರಟಿತು. ಮುಂದೆ ಇನ್ನೊಂದು ಹಾಳೆ, ಇನ್ನೊಂದು ಸುತ್ತು. ಅವರು ನಡೆದ ಜಾಡು ಹಾವು ಹರಿದಂತೆ ಡೊಂಕುಡೊಂಕಾಗಿ ಮೂಡಿತು. ಹುಡುಗರು ನಗಲೂ ಹೆದರಿ ತುಟಿ ಕಚ್ಚಿಕೊಂಡಿದ್ದರು. ಕೊನೆಗೆ ಅವರು ನಿಂತು, ಬೆವರು ಒರೆಸಿಕೊಂಡು, ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟರು. "ನೀನು ದೇವರಿಲ್ಲ ಅನ್ನೋನು ಗದಾ. ನೀನು ಗುಡಿಸು."

ತರ್ಕದ ದೃಷ್ಟಿಯಿಂದ ಇದಕ್ಕಿಂತ ಸುಲಭದ ಕೆಲಸ ಬೇರೆಯಿಲ್ಲ. ಸರಸ್ವತಿ ಇಲ್ಲ, ಆದ್ದರಿಂದ ಕಾಗದ ಬರೀ ಕಾಗದ, ಆದ್ದರಿಂದ ಗುಡಿಸಬಹುದು. ಮೂರು ಮೆಟ್ಟಿಲಿನ ನಿರ್ದುಷ್ಟ ತರ್ಕಸರಣಿ. ನಾನು ಎರಡು ಮೆಟ್ಟಿಲು ಹತ್ತಿದೆ. ಮೂರನೆಯದಕ್ಕೆ ಕೈ ಏಳಲಿಲ್ಲ. "ಏ ರಾಘ್ಯಾ, ಎಲ್ಲಿ ಹೋತಲೇ ನಿನ್ನ ವಾದ?" ಎಂದು ಹಿಂದಿನಿಂದ ಯಾರೋ ನನ್ನನ್ನು ಕೂಗಿದರು. ಪಂಪಣ್ಣನಿರಬೇಕು, ಇದ್ದರೆ ಅವನಿಗೆ ಆ ಹಕ್ಕಿತ್ತು.

ಮರದ ಬುಡದಿಂದ ಹುಲಿಗೆಮ್ಮ ಎದ್ದು ಬಂದಳು. "ಕೊಡಿಲ್ಲಿ," ಎಂದು ಕಸಬರಿಗೆ ತೆಗೆದುಕೊಂಡು, ಗಾಳಿಗೆ ಬೆನ್ನು ಕೊಟ್ಟು ನಿಂತು, ಶ್ರೀಕಾರವನ್ನೂ ಕೋರ್ಟು ನೋಟೀಸನ್ನೂ ಶೇಂಗಾ ಸಿಪ್ಪೆಯನ್ನೂ ಒಂದೇ ಎಳೆತಕ್ಕೆ ಮರದ ಬುಡಕ್ಕೆ ತಂದಳು. ನಾವು ಎರಡು ನೂರು ಮಂದಿ ಓದಿದವರು ನೋಡುತ್ತ ನಿಂತಿದ್ದೆವು.

ಹೆಡ್ ಮಾಸ್ತರರು ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಸಿಕೊಂಡರು. ಆಮೇಲೆ, "ಹುಲಿಗೆಮ್ಮಾ, ತಿಂಗಳು ತೀರಿದ ಮೇಲೂ ಬಾ," ಎಂದಷ್ಟೇ ಹೇಳಿ ಒಳಗೆ ಹೋದರು.

ಗೆದ್ದೆವೆಂದು ನಾನು ಕುಣಿಯಬೇಕಾಗಿತ್ತು, ಕುಣಿಯಲಾಗಲಿಲ್ಲ. ಯಾವ ವಾದದ ಮೇಲೆ ಗೆದ್ದೆವೆಂದು ಬಿಡಿಸಿ ನೋಡಿದಾಗ ತಿಳಿಯಿತು: ಆಕೆಗೆ ಓದು ಬಾರದೆಂಬುದೇ ಆಕೆಯ ಅರ್ಹತೆ. ನಮ್ಮ ಪುಣ್ಯ ಕೆಡದಿರಲೆಂದು ಆಕೆ ನಿರಕ್ಷರಳಾಗಿ ಉಳಿಯಬೇಕು. ಜಗತ್ತಿನ ಯಾವ ಶಾಲೆಯೂ ಇಂಥ ನೇಮಕಾತಿಯ ನಿಯಮವನ್ನು ಗೋಡೆಗೆ ಅಂಟಿಸಿರಲಾರದು. ಆದರೆ ನಮ್ಮಲ್ಲಿ ಅದು ಅಂಟಿಸದೆಯೇ ನಡೆದಿತ್ತು.

ಹುಲಿಗೆಮ್ಮನಿಗೆ ಇಂಥ ಕ್ಲೇಶಗಳಿರಲಿಲ್ಲ. "ನನ್ನ ಸಲುವಾಗಿ ಮಾತಾಡಾಕ ಹೋಗಿ ಸೋತು ಬಂದಿ," ಎಂದು ನಕ್ಕಳು. "ಅದರ ಬದಲಿ ಇನ್ನೊಂದು ಮಾಡು. ನನ್ನ ಹೆಸರು ನೋಡಾಕ ಹ್ಯಾಂಗೈತಿ, ತೋರಸು."

ಬೇವಿನ ಕಡ್ಡಿಯಿಂದ ಮಣ್ಣಿನ ಮೇಲೆ ದೊಡ್ಡದಾಗಿ ಬರೆದೆ. ಆಕೆ ಅತ್ತ ನಿಂತು, ಇತ್ತ ನಿಂತು, ಸಂತೆಯಲ್ಲಿ ಎಮ್ಮೆ ನೋಡುವಂತೆ ನೋಡಿದಳು. "ಇದು ಯಾವುದು, ಮೊದಲಿಂದು?" 'ಹು' ಎಂದೆ. ಮರುದಿನ ಬೆಳಿಗ್ಗೆ ಅಂಗಳವೆಲ್ಲ ಕನ್ನಡಿಯಂತೆ ಗುಡಿಸಿಯಾಗಿತ್ತು. ಮರದ ಕೆಳಗೆ ಮಾತ್ರ ಮೊಳದುದ್ದ ಮಣ್ಣು ಹಾಗೇ ಉಳಿದಿತ್ತು.

ಅಲ್ಲಿಗೆ ಮುಗಿಯಲಿಲ್ಲ. ವಾರದೊಳಗೆ ಅಂಗಳದಲ್ಲಿ ಅಲ್ಲೊಂದು ಇಲ್ಲೊಂದು ಕಾಗದ ಉಳಿಯತೊಡಗಿತು. ಎತ್ತಿ ನೋಡಿದರೆ ಎಲ್ಲದರಲ್ಲೂ ಎಲ್ಲೋ ಒಂದು ಕಡೆ 'ಹು'.

"ಗುಡಸಾಕ ಕೈ ಬರವಲ್ದು," ಎಂದಳು ಹುಲಿಗೆಮ್ಮ. "ಒಂದು ಅಕ್ಷರ ತೋರಿಸಿ ನನ್ನ ಕೆಲಸಾ ಕೆಡಿಸಿದಿ ನೋಡು ತಮ್ಮಾ."

ನಾನು ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡೆ. "ಬ್ಯಾಡ ಹುಲಿಗೆಮ್ಮಾ, ಇಷ್ಟಕ್ಕ ನಿಲ್ಲಸೋಣು. ಗುಡಸಾದು ಬಿಟ್ರ ನಿನ್ನ ಮತ್ತ ಬರಬ್ಯಾಡ ಅಂತಾರ."

ಆಕೆ ಒಂದು ಗಳಿಗೆ ಕಸಬರಿಗೆಯ ಹಿಡಿಯನ್ನು ಅಂಗೈಗೆ ಕುಟ್ಟಿಕೊಂಡಳು. "ಅಂದ್ರ ಅನ್ಲಿ. 'ಹು' ಆತು. ಎರಡನೇದು ತೋರಸು."

ತೋರಿಸಿದೆ. ಹೆದರುತ್ತಲೇ ತೋರಿಸಿದೆ. 'ಲಿ'ಯ ನಂತರ ಉಳಿಯುವ ಕಾಗದ ಇಮ್ಮಡಿಯಾಯಿತು. 'ಮ್ಮ' ಬಂದ ಮೇಲಂತೂ ಅಂಗಳ ಹೆಡ್ ಮಾಸ್ತರರ ಕಣ್ಣಿಗೆ ಬಿತ್ತು. ಹುಲಿಗೆಮ್ಮನನ್ನು ಕರೆಸಿ, ನಮ್ಮೆಲ್ಲರೆದುರಿಗೇ, ಇವನ್ನೇಕೆ ಬಿಟ್ಟೆ ಎಂದು ಕೇಳಿದರು.

"ಇವು ನನಗ ಗುರ್ತು ಸಿಕ್ಕಾವ್ರಿ ಸಾಮಿ," ಎಂದಳು.

ಹೆಡ್ ಮಾಸ್ತರರು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು, ಮರದ ಕೆಳಗಿನ ಮಣ್ಣನ್ನು ನೋಡಿದರು. ಆಮೇಲೆ ಬಗ್ಗಿ ಒಂದು ಕಾಗದವನ್ನೆತ್ತಿ ತಮ್ಮ ಜುಬ್ಬದ ಜೇಬಿಗೆ ಹಾಕಿಕೊಂಡರು. "ಏಮಯ್ಯಾ," ಎಂದರು ನಮ್ಮತ್ತ ತಿರುಗಿ, "ಗುರ್ತು ಇರೋರು ಎತ್ತಬೇಕು ಗದಾ? ನಿಮಗೆ ಒಂದನೇ ಕ್ಲಾಸಿನಿಂದ ಗುರ್ತು."

ಅಂದಿನಿಂದ ಕಟ್ಟುಪಾಡಾಯಿತು: ಸಿಪ್ಪೆ, ಜಿಬ್ಬು, ಎಲೆ ಹುಲಿಗೆಮ್ಮನ ಪಾಲಿಗೆ, ಆಕೆಗೆ ಗುರುತು ಸಿಕ್ಕ ಅಕ್ಷರವಿರುವ ಕಾಗದವೆಲ್ಲ ವಿದ್ಯಾರ್ಥಿಗಳ ಪಾಲಿಗೆ. ಎತ್ತಿದ್ದನ್ನು ಏನು ಮಾಡುವುದೆಂಬ ಹಳೆಯ ಪ್ರಶ್ನೆಗೆ ಉತ್ತರ ರಜೆಗೆ ಊರಿಗೆ ಹೋದಾಗ ಸಿಕ್ಕಿತು: ಅಜ್ಜಿ ಅಡುಗೆಮನೆಯ ಮಾಡದಲ್ಲಿ ಒಟ್ಟಿಟ್ಟ ಕಾಗದವನ್ನು ನೀರಲ್ಲಿ ನೆನೆಹಾಕಿ, ಮೆಂತ್ಯದ ಜೊತೆ ರುಬ್ಬಿ, ಬಿದಿರಿನ ಮೊರ ಬುಟ್ಟಿಗಳ ಸಂದಿಗೆ ಮೆತ್ತುತ್ತಿದ್ದಳು. ನೆನೆದ ಮೇಲೆ ಅಕ್ಷರವೂ ಇಲ್ಲ, ದೋಷವೂ ಇಲ್ಲ. ಶನಿವಾರ ಶನಿವಾರ ನಾವೂ ನೆನೆಸಿದೆವು, ಕುಟ್ಟಿದೆವು, ಹುಲಿಗೆಮ್ಮನ ಬುಟ್ಟಿಗೆ ಮೆತ್ತಿದೆವು. ಶಾಲೆಯೆಲ್ಲ ಮೆಂತ್ಯದ ವಾಸನೆ. ಮೇಲ್ವಿಚಾರಕನ ಹುದ್ದೆ ರದ್ದಾಗಿ ನನ್ನ ಕೈಯೂ ಮೊಣಕೈವರೆಗೆ ಮೆಂತ್ಯ. ಆಕೆ ಒಂದೊಂದು ಅಕ್ಷರ ಕಲಿತಂತೆಲ್ಲ ನಮ್ಮ ಕೆಲಸ ಒಂದೊಂದು ಹಿಡಿ ಹೆಚ್ಚಿತು. "ಲೇ, ಇವತ್ತು 'ಕ' ಕಲತಾಳಂತಲೇ, ಸತ್ತಿವಿ!" ಎಂದು ಹುಡುಗರು ಬೊಬ್ಬೆ ಹೊಡೆಯುತ್ತಿದ್ದರು. 'ಕ' ಇಲ್ಲದ ಕನ್ನಡ ಕಾಗದ ಎಲ್ಲಿದೆ? ಆದರೆ ಕಾಗದ ಬಿಸಾಡುವ ಕೈಗಳು ಅಂದಿನಿಂದ ಒಂದಿಷ್ಟು ಹಿಂದೆಮುಂದೆ ನೋಡತೊಡಗಿದವು. ನನ್ನ ಭಾಷಣ ಮಾಡದ ಕೆಲಸವನ್ನು ಆಕೆಯ ವರ್ಣಮಾಲೆ ಮಾಡಿತು.

ಮರುವರ್ಷ ಕೊನೆಯ ಪರೀಕ್ಷೆ ಮುಗಿಸಿ ಶಾಲೆ ಬಿಡುವ ದಿನ ಹುಲಿಗೆಮ್ಮನನ್ನು ಕಾಣಲು ಹೋದೆ. ಇನ್ನೇನು ನಾಲ್ಕೈದು ಅಕ್ಷರ ಬಾಕಿಯಿದ್ದವು. ಅವನ್ನೂ ಕಲಿಸಿ ಹೋಗುತ್ತೇನೆ, ಕೂತುಕೋ ಎಂದೆ.

"ಸಾಕು ಬಿಡಪಾ," ಎಂದಳು. "ಎಲ್ಲಾ ಕಲತೆ ಅಂದ್ರ ನಾನೂ ನಿಮ್ಮಂಗ ಬರಕೋಂತ ಕುಂದರತೀನಿ. ಆವಾಗ ಗುಡಸಾರು ಯಾರು?"

'ನಾನು' ಎಂಬ ಉತ್ತರ ಇತ್ತು. ಅದು ಹೊಟ್ಟೆಯಿಂದ ಹೊರಟು ನಾಲಿಗೆಗೆ ಬರುವಷ್ಟರಲ್ಲಿ ಆಕೆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಅಂಗಳದ ಆ ತುದಿ ಸೇರಿದ್ದಳು. ಗಂಟೆ ಬಾರಿಸಿದ ಮೇಲೆ ಹೇಳಿದ ಮಾತನ್ನು ತೀರ್ಪುಗಾರರು ಪರಿಗಣಿಸುವುದಿಲ್ಲವೆಂಬುದು ನನಗೆ ತಿಳಿಯದ ನಿಯಮವೇನಲ್ಲ. ಆದರೂ ಕೂಗಿ ಹೇಳಿದೆ. ಆಕೆ ತಿರುಗಿ ನೋಡದೆ, ಆಗಲಿ ನೋಡೋಣ ಎನ್ನುವಂತೆ ಒಂದು ಕೈ ಮಾತ್ರ ಬೀಸಿದಳು.